ಲುಕ್ಕಾ ಕೋಟೆ ಊರನ್ನು ನಾವೇ ನಡೆದು ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಟಸ್ಕನಿ ಪ್ರಾಂತ್ಯದ ಲುಕ್ಕಾ ಊರಿಗೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಗೈಡ್ ಇಲ್ಲದೆ, ಗುಂಪಿಲ್ಲದೆ, ನಮ್ಮ ಪಾಡಿಗೆ ನಾವು ನಡೆದು ನೋಡುವವರಿಗಾಗಿ ಬರೆದದ್ದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಮೊದಲು ಕೋಟೆಗೋಡೆ ಹತ್ತಿ, ಆಮೇಲೆ ಒಳಗೆ ಇಳಿಯಿರಿ. ಕೆಳಗಿನ ಸಲಹೆಗಳೆಲ್ಲ ಇದರ ಮೇಲೇ ನಿಂತಿವೆ.

ಇಟಲಿಯಲ್ಲಿ ಕೋಟೆ ಇರುವ ಊರುಗಳು ಎಷ್ಟೋ ಇವೆ. ಲುಕ್ಕಾನೇ ಯಾಕೆ?

ಇಲ್ಲಿನ ಗೋಡೆ ಎಲ್ಲೂ ತುಂಡಾಗಿಲ್ಲ. 19ನೇ ಶತಮಾನದಲ್ಲಿ ಯುರೋಪಿನ ಎಷ್ಟೋ ನಗರಗಳು ರಸ್ತೆಗೆ, ಹೊಸ ಬಡಾವಣೆಗೆ ಜಾಗ ಬೇಕೆಂದು ಕೋಟೆಗಳನ್ನು ಕೆಡವಿದವು. ಫ್ಲಾರೆನ್ಸ್‌ನಲ್ಲೂ ಹಾಗೇ ಆಯಿತು, ಬಹುಪಾಲು ಗೋಡೆ ಹೋಗಿ ಅಗಲ ರಸ್ತೆಗಳು ಬಂದವು. ಲುಕ್ಕಾ ತನ್ನ ಗೋಡೆಯನ್ನು ಉಳಿಸಿಕೊಂಡಿತು. ಉಳಿಸಿಕೊಂಡಿದ್ದಷ್ಟೇ ಅಲ್ಲ, ಅದರ ಮೇಲೆ ಮರ ಬೆಳೆಸಿ ಊರಿನವರೆಲ್ಲ ಓಡಾಡುವ ಜಾಗ ಮಾಡಿಕೊಂಡಿತು. ಸುತ್ತಳತೆ ಸುಮಾರು 4.2 ಕಿಲೋಮೀಟರ್. ಹತ್ತಲು ಟಿಕೆಟ್ ಇಲ್ಲ, ಗೇಟು ಇಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ.

ಎರಡನೇ ಕಾರಣ, ಊರು ಚಿಕ್ಕದು ಮತ್ತು ಸಮತಟ್ಟು. ಸಿಯೆನಾದಂಥ ಊರಿನಲ್ಲಿ ಏರು ಹತ್ತಿ ಹತ್ತಿ ಕಾಲು ಸೋಲುತ್ತದೆ. ಇಲ್ಲಿ ಆ ಕಷ್ಟ ಇಲ್ಲ. ಕಾಲ್ನಡಿಗೆಗೆ ಇದಕ್ಕಿಂತ ಒಳ್ಳೆಯ ಊರು ಟಸ್ಕನಿಯಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಗೋಡೆ ಎಷ್ಟು ಹಳೆಯದು? ಅಲ್ಲಿ ಯುದ್ಧ ಏನಾದರೂ ನಡೆದಿತ್ತಾ?

ಈಗ ಕಾಣುವ ಗೋಡೆಯ ಕೆಲಸ ಶುರುವಾದದ್ದು 16ನೇ ಶತಮಾನದ ಆರಂಭದಲ್ಲಿ, ಮುಗಿದದ್ದು 17ನೇ ಶತಮಾನದ ನಡುವಿನಲ್ಲಿ. ಅಂದರೆ ಒಂದು ಶತಮಾನಕ್ಕೂ ಜಾಸ್ತಿ ಕಟ್ಟಿದರು. ಅದಕ್ಕೂ ಮೊದಲು ರೋಮನ್ನರ ಗೋಡೆ ಇತ್ತು, ಆಮೇಲೆ ಮಧ್ಯಯುಗದ ಗೋಡೆ. ಮಧ್ಯಯುಗದ ಎರಡು ಹೆಬ್ಬಾಗಿಲುಗಳು, ಪೋರ್ತಾ ಸಾನ್ ಜೆರ್ವಾಸಿಯೊ ಮತ್ತು ಪೋರ್ತಾ ದೇಯಿ ಬೊರ್ಗಿ, ಊರಿನೊಳಗೆ ಇನ್ನೂ ನಿಂತಿವೆ.

ಹಳೆಯ ಗೋಡೆ ಇದ್ದರೂ ಹೊಸದು ಯಾಕೆ ಬೇಕಾಯಿತು? ಫಿರಂಗಿ ಬಂದಿತ್ತು. ಎತ್ತರದ, ತೆಳುವಾದ ಕಲ್ಲಿನ ಗೋಡೆ ಗುಂಡಿನ ಹೊಡೆತಕ್ಕೆ ಉರುಳಿಬೀಳುತ್ತದೆ. ಹಾಗಾಗಿ ಗೋಡೆಯನ್ನು ತಗ್ಗಿಸಿ, ದಪ್ಪ ಮಾಡಿದರು. ಎತ್ತರ ಸುಮಾರು 12 ಮೀಟರ್, ಬುಡದ ಅಗಲ ಸುಮಾರು 30 ಮೀಟರ್. ಹೊರಮೈ ಇಟ್ಟಿಗೆ, ಒಳಗೆಲ್ಲ ಮಣ್ಣು. ಗುಂಡು ಬಿದ್ದರೆ ಮಣ್ಣು ಅದನ್ನು ನುಂಗಿಕೊಳ್ಳುತ್ತದೆ. ಮೇಲೆ ನಿಂತರೆ ನಮ್ಮ ದೊಡ್ಡ ಕೆರೆಯ ಏರಿಯ ಮೇಲೆ ನಿಂತ ಹಾಗೆ ಅನಿಸುವುದು ಇದಕ್ಕೇ. ಹೊರಕ್ಕೆ ಚಾಚಿದ ಹನ್ನೊಂದು ಕೊತ್ತಳಗಳಿವೆ. ಶತ್ರು ಗೋಡೆಯ ಬುಡಕ್ಕೆ ಬಂದರೆ ಎರಡು ಪಕ್ಕದ ಕೊತ್ತಳಗಳಿಂದಲೂ ಅವನ ಮೇಲೆ ಗುಂಡು ಹಾರಿಸಬಹುದು. ಗೋಡೆಯ ಹೊರಗಿನ ಹುಲ್ಲುಗಾವಲು ಕೂಡ ಅದೇ ಲೆಕ್ಕದ್ದು. ಶತ್ರುವಿಗೆ ಮರೆ ಸಿಗಬಾರದು ಅಂತ ಅಲ್ಲಿ ಮನೆ, ಮರ ಏನೂ ಇಲ್ಲದಂತೆ ಬಯಲು ಬಿಟ್ಟಿದ್ದರು.

ಇಷ್ಟೆಲ್ಲ ಮಾಡಿದರೂ ಈ ಗೋಡೆಗೆ ಮುತ್ತಿಗೆ ಬೀಳಲೇ ಇಲ್ಲ. ಅದು ಊರನ್ನು ಕಾಪಾಡಿದ್ದು ನೀರಿನಿಂದ. 1812ರ ನವೆಂಬರಿನಲ್ಲಿ ಸೆರ್ಕಿಯೊ ನದಿ ಉಕ್ಕಿ ಬಂದಾಗ ಹೆಬ್ಬಾಗಿಲುಗಳನ್ನು ಮುಚ್ಚಿದರು. ಸುತ್ತಲಿನ ಬಯಲೆಲ್ಲ ಮುಳುಗಿತು, ಊರು ಉಳಿಯಿತು. ಆಗ ಲುಕ್ಕಾವನ್ನು ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಅವಳು ಹೊರಗೆ ಸಿಕ್ಕಿಕೊಂಡು, ಕೊನೆಗೆ ಗೋಡೆಯ ಮೇಲಿಂದ ಅವಳನ್ನು ಎತ್ತಿ ಒಳಗೆ ಇಳಿಸಿದರು ಅಂತ ಊರಿನವರು ಕಥೆ ಹೇಳುತ್ತಾರೆ. ಅವಳ ನಂತರ ಬಂದ ಮರಿಯಾ ಲೂಯಿಸಾ ಕಾಲದಲ್ಲಿ ಗೋಡೆಯ ಮೇಲ್ಭಾಗ ಸಾಲುಮರಗಳ ನಡಿಗೆ ದಾರಿಯಾಯಿತು. 20ನೇ ಶತಮಾನದಲ್ಲಿ ಕೆಲವು ಕಾಲ ಕಾರುಗಳೂ ಇದರ ಮೇಲೆ ಓಡಾಡಿದವು. ಈಗ ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ.

ರೈಲಿನಿಂದ ಇಳಿದ ಮೇಲೆ ಗೋಡೆ ಹತ್ತುವುದು ಎಲ್ಲಿಂದ?

ನಿಲ್ದಾಣ ಗೋಡೆಯ ಹೊರಗೆ, ದಕ್ಷಿಣ ದಿಕ್ಕಿನಲ್ಲಿದೆ. ಹೊರಗೆ ಬಂದು ರಸ್ತೆ ದಾಟಿದರೆ ಎದುರಿಗೇ ಗೋಡೆ, ಅದರ ಹಿಂದೆ ಕೆಥೆಡ್ರಲ್‌ನ ಗಂಟೆ ಗೋಪುರ ಕಾಣುತ್ತದೆ. ಇಲ್ಲಿ ಎರಡು ದಾರಿ ಇವೆ.

ಒಂದು, ಎಡಗಡೆಗೆ ಸ್ವಲ್ಪ ನಡೆದರೆ ಪೋರ್ತಾ ಸಾನ್ ಪಿಯೆತ್ರೊ. 1560ರ ದಶಕದ ಹೆಬ್ಬಾಗಿಲು. ಗಾಡಿಗಳೂ ಜನರೂ ಓಡಾಡುವುದು ಇದರಲ್ಲೇ. ಇದರ ಮೇಲೆ ಸ್ವಾತಂತ್ರ್ಯ ಅನ್ನುವ ಅರ್ಥದ ಲ್ಯಾಟಿನ್ ಪದ ‘ಲಿಬೆರ್ತಾಸ್’ ಕೆತ್ತಿದೆ. ಪೀಸಾ 1406ರಲ್ಲೇ ಫ್ಲಾರೆನ್ಸ್ ಕೈಗೆ ಹೋಯಿತು. ಲುಕ್ಕಾ ಮಾತ್ರ 1799ರಲ್ಲಿ ಫ್ರೆಂಚರು ಬರುವವರೆಗೂ ಸ್ವತಂತ್ರ ಗಣರಾಜ್ಯವಾಗಿ ಉಳಿದಿತ್ತು. ಗೋಡೆಗೆ ಅಷ್ಟು ಹಣ ಯಾಕೆ ಸುರಿದರು ಅನ್ನುವುದಕ್ಕೆ ಆ ಒಂದು ಪದ ಸಾಕು.

ಇನ್ನೊಂದು, ನಾನು ಹೇಳುವ ದಾರಿ. ನಿಲ್ದಾಣದ ಎದುರಿಗೆ ಹುಲ್ಲಿನ ನಡುವೆ ಒಂದು ಕಾಲುದಾರಿ ಇದೆ. ಅದು ನೇರವಾಗಿ ಸಾನ್ ಕೊಲೊಂಬಾನೊ ಕೊತ್ತಳದ ಬುಡಕ್ಕೆ ಹೋಗುತ್ತದೆ. ಅಲ್ಲೊಂದು ಸುರಂಗ. ಸೈನಿಕರು ಗುಟ್ಟಾಗಿ ಹೊರಗೆ ಬರಲು ಮಾಡಿದ್ದ ದಾರಿ. ಒಳಗೆ ಇಟ್ಟಿಗೆಯ ಕಮಾನು, ತಂಪು, ಮಸುಕು ಬೆಳಕು. ಮೆಟ್ಟಿಲು ಹತ್ತಿ ಹೊರಬಂದರೆ ಗೋಡೆಯ ಮೇಲೇ ಇರುತ್ತೀರಿ. ಗೋಡೆ ಎಷ್ಟು ದಪ್ಪ ಅನ್ನುವುದು ಲೆಕ್ಕ ಓದಿದರೆ ಗೊತ್ತಾಗಲ್ಲ, ಈ ಸುರಂಗದಲ್ಲಿ ನಡೆದರೆ ಗೊತ್ತಾಗುತ್ತದೆ. ಭಾರದ ಸೂಟ್‌ಕೇಸ್ ಇದ್ದವರು, ಮೆಟ್ಟಿಲು ಹತ್ತಲಾಗದವರು ಮಾತ್ರ ಹೆಬ್ಬಾಗಿಲಿನಿಂದಲೇ ಹೋಗಿ.

ಪೂರ್ತಿ ಸುತ್ತು ಹಾಕಬೇಕಾ? ಎಷ್ಟು ಹೊತ್ತು ಬೇಕು?

ಸುಮ್ನೆ ನಡೆದರೆ ಒಂದು ಗಂಟೆಯ ಸುತ್ತು. ಕೊತ್ತಳಗಳಲ್ಲಿ ನಿಂತು, ಬೆಂಚಿನಲ್ಲಿ ಕೂತು, ಒಳಗಿನ ತೋಟಗಳನ್ನು ನೋಡುತ್ತ ಹೋದರೆ ಎರಡು ಗಂಟೆ ಬೇಕು. ಸಮಯ ಇದ್ದರೆ ಪೂರ್ತಿ ಹಾಕಿ. ಇಲ್ಲದಿದ್ದರೆ ಬೆಳಿಗ್ಗೆ ಅರ್ಧ ಸುತ್ತಿ ಊರಿಗೆ ಇಳಿದು, ಸಂಜೆ ಉಳಿದ ಅರ್ಧ ಮುಗಿಸಿ. ಇದು ನನಗೆ ಇನ್ನೂ ಇಷ್ಟ. ಸಂಜೆ ಊರಿನವರೇ ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಬರುತ್ತಾರೆ. ಆಗ ಈ ಗೋಡೆ ಯಾರದ್ದು ಅಂತ ಅರ್ಥವಾಗುತ್ತದೆ.

ಒಂದು ದಿನಕ್ಕೆ ಒಳ್ಳೆಯ ದಾರಿ ಹೇಳಿ.

ಸಾನ್ ಕೊಲೊಂಬಾನೊದಲ್ಲಿ ಹತ್ತಿ ಪೂರ್ವಕ್ಕೆ ನಡೆಯಿರಿ, ಅಂದರೆ ಊರು ನಿಮ್ಮ ಎಡಗಡೆಗೆ ಇರಬೇಕು. ಮುಂದಿನ ಕೊತ್ತಳ ಸಾನ್ ರೆಗೊಲೊ. ಅದರ ಕೆಳಗೆ ಬೊಟಾನಿಕಲ್ ಗಾರ್ಡನ್ ಇದೆ, 1820ರಲ್ಲಿ ಶುರುವಾದದ್ದು. ಮೇಲಿನಿಂದಲೇ ಸುಮಾರು ಕಾಣುತ್ತದೆ. ಆಮೇಲೆ ಪೋರ್ತಾ ಎಲಿಸಾ. ಇದು 1811ರಲ್ಲಿ ತೆರೆದ ಬಾಗಿಲು. ಅಲ್ಲಿಂದ ಊರಿನೊಳಕ್ಕೆ ನೇರ ರಸ್ತೆ ಹೊಡೆದದ್ದು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಈಶಾನ್ಯ ಮೂಲೆ ತಿರುಗಿ ಉತ್ತರದ ಪೋರ್ತಾ ಸಾಂತಾ ಮರಿಯಾ ದಾಟಿದ ಮೇಲೆ ಸಾನ್ ಫ್ರೆದಿಯಾನೊ ಚರ್ಚಿನ ಹಿಂಭಾಗ, ಅದರಾಚೆ ದೊಡ್ಡ ಬಂಗಲೆ ಪಲಾತ್ಸೊ ಫಾನ್ನರ್‌ನ ತೋಟ ಸಿಗುತ್ತವೆ. ಕಲ್ಲಿನ ಪ್ರತಿಮೆಗಳು, ನಡುವೆ ಕಾರಂಜಿ, ನಿಂಬೆ ಗಿಡದ ಕುಂಡಗಳು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಇಡೀ ಸುತ್ತಿನಲ್ಲೇ ಒಳ್ಳೆಯ ನೋಟ ಅದು.

ಅಲ್ಲಿಂದ ಇಳಿದು ಸಾನ್ ಫ್ರೆದಿಯಾನೊ, ಅಂಫಿಥಿಯೇಟರ್ ಚೌಕ, ಗ್ವಿನೀಜಿ ಗೋಪುರ, ವಿಯಾ ಫಿಲ್ಲುಂಗೊ ಬೀದಿ, ಸಾನ್ ಮಿಕೇಲೆ, ಪುಚ್ಚಿನಿ ಮನೆ, ಪಿಯಾಜ್ಜಾ ನೆಪೋಲಿಯೊನೆ ಚೌಕ, ಕೊನೆಗೆ ಕೆಥೆಡ್ರಲ್. ಕೆಥೆಡ್ರಲ್‌ನಿಂದ ನಿಲ್ದಾಣ ಹತ್ತೇ ನಿಮಿಷ. ದಾರಿ ತಪ್ಪಿದರೆ ಗಾಬರಿ ಬೇಡ. ಯಾವ ದಿಕ್ಕಿಗೆ ಹೋದರೂ ಸ್ವಲ್ಪ ಹೊತ್ತಿನಲ್ಲಿ ಗೋಡೆ ಸಿಗುತ್ತದೆ, ಹತ್ತಿ ನೋಡಿದರೆ ಎಲ್ಲಿದ್ದೇವೆ ಅಂತ ತಿಳಿಯುತ್ತದೆ.

ಅಂಫಿಥಿಯೇಟರ್ ಅಂತಾರೆ, ಆದರೆ ಅಲ್ಲಿ ಬರೀ ಮನೆಗಳಿವೆ. ಏನು ನೋಡುವುದು?

ಆ ಮನೆಗಳೇ ಅಂಫಿಥಿಯೇಟರ್. ಲುಕ್ಕಾ ಕ್ರಿ.ಪೂ. 180ರಿಂದ ರೋಮನ್ನರ ವಸಾಹತು. ಆಮೇಲೆ ಅವರು ಊರಗೋಡೆಯ ಹೊರಗೆ ಒಂದು ಆಟದ ಅಖಾಡ ಕಟ್ಟಿದರು. ರೋಮ್ ಬಿದ್ದ ಮೇಲೆ ಜನ ಅದರ ಕಲ್ಲು ಕಿತ್ತುಕೊಂಡು ಹೋದರು. ಉಳಿದ ಕಮಾನುಗಳಿಗೆ ಗೋಡೆ ಸೇರಿಸಿ ಮನೆ ಮಾಡಿಕೊಂಡರು. ಅಡಿಪಾಯ ಬದಲಾಗದ ಕಾರಣ ಆಕಾರವೂ ಬದಲಾಗಲಿಲ್ಲ. ನಡುವಿನ ಜಾಗವೂ ಕಟ್ಟಡಗಳಿಂದ ತುಂಬಿಹೋಗಿತ್ತು. 1830ರ ದಶಕದಲ್ಲಿ ವಾಸ್ತುಶಿಲ್ಪಿ ಲೊರೆಂಜೊ ನೊತ್ತೊಲಿನಿ ಅದನ್ನೆಲ್ಲ ತೆಗೆಸಿ ಸಂತೆಗೆ ಬಯಲು ಮಾಡಿಕೊಟ್ಟ. ಇವತ್ತು ಕಾಣುವ ಮೊಟ್ಟೆಯಾಕಾರದ ಚೌಕ ಹೀಗೆ ಉಳಿದು ಬಂದದ್ದು.

ಎಲ್ಲರೂ ಒಳಗೆ ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಹೊರಗಿನ ಬೀದಿಯಲ್ಲಿ ಒಂದು ಸುತ್ತು ಹಾಕಿ. ಮನೆಗಳ ಹಿಂಗೋಡೆಯಲ್ಲಿ ರೋಮನ್ ಕಮಾನುಗಳು, ಹಳೆಯ ಕಲ್ಲು, ಇಟ್ಟಿಗೆ ಹಾಗೇ ಇವೆ, ಅವುಗಳ ನಡುವೆ ಇವತ್ತಿನ ಕಿಟಕಿ. ಚೌಕಕ್ಕೆ ನಾಲ್ಕು ಬಾಗಿಲು. ಪೂರ್ವದ್ದು ಎಲ್ಲಕ್ಕಿಂತ ತಗ್ಗು, ಅದು ರೋಮನ್ನರ ಕಾಲದ್ದೇ. ಒಳಗಿನ ಹೋಟೆಲುಗಳು ಜಾಗಕ್ಕೂ ಸೇರಿಸಿ ದುಡ್ಡು ತೆಗೆದುಕೊಳ್ಳುತ್ತವೆ. ಊಟ ಬೇರೆ ಕಡೆ ಮಾಡಿ.

ಎರಡು ಗೋಪುರ ಇವೆ. ಒಂದನ್ನೇ ಹತ್ತುವುದಾದರೆ ಯಾವುದು?

ಗ್ವಿನೀಜಿ ಗೋಪುರ. ತಲೆಯ ಮೇಲೆ ಏಳು ಓಕ್ ಮರ ಬೆಳೆದು ನಿಂತ ಗೋಪುರ ಬೇರೆ ಎಲ್ಲಿ ಸಿಗುತ್ತದೆ? ಸುಮಾರು 45 ಮೀಟರ್ ಎತ್ತರ, ಮೆಟ್ಟಿಲು 230ರ ಹತ್ತಿರ, ಲಿಫ್ಟ್ ಇಲ್ಲ. ಕೊನೆಯ ಭಾಗ ಕಬ್ಬಿಣದ ಇಕ್ಕಟ್ಟು ಮೆಟ್ಟಿಲು. ಮಧ್ಯಯುಗದಲ್ಲಿ ರೇಷ್ಮೆ ವ್ಯಾಪಾರದಲ್ಲಿ, ಲೇವಾದೇವಿಯಲ್ಲಿ ಹಣ ಮಾಡಿದ ಮನೆತನಗಳು ಪೈಪೋಟಿಯಿಂದ ಇಂಥ ಗೋಪುರಗಳನ್ನು ಎಬ್ಬಿಸುತ್ತಿದ್ದವು. ಬಹುಪಾಲು ಬಿದ್ದುಹೋದವು. ಮೇಲೆ ಮರದ ನೆರಳಿನಲ್ಲಿ ನಿಂತು ನೋಡಿದರೆ ಅಂಫಿಥಿಯೇಟರಿನ ಮೊಟ್ಟೆಯಾಕಾರ, ಕೋಟೆಯ ಹಸಿರು ಉಂಗುರ, ಆಚೆ ಬೆಟ್ಟಗಳು, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮಂಡಿ ನೋವು ಇರುವವರು ಬಿಟ್ಟುಬಿಡಿ. ಗಡಿಯಾರದ ಗೋಪುರ ಇದಕ್ಕಿಂತ ಸ್ವಲ್ಪ ಎತ್ತರ, ಜನ ಕಡಿಮೆ, ಆದರೆ ಮರ ಇಲ್ಲ.

ಊರಿನಲ್ಲಿ ಚರ್ಚುಗಳು ತುಂಬಾ ಇವೆಯಂತೆ. ಯಾವುದನ್ನು ಬಿಡಬಾರದು?

ಮೂರು ಸಾಕು. ಅದಕ್ಕಿಂತ ಜಾಸ್ತಿ ನೋಡಿದರೆ ಎಲ್ಲ ಕಲಸಿಹೋಗುತ್ತದೆ.

ಕೆಥೆಡ್ರಲ್ ಸಾನ್ ಮಾರ್ತೀನೊ. ಎದುರಿನಿಂದ ನೋಡಿದರೆ ಬಲಗಡೆಯ ಕಮಾನು ಉಳಿದೆರಡಕ್ಕಿಂತ ಚಿಕ್ಕದು. ಗಂಟೆ ಗೋಪುರ ಮೊದಲೇ ಅಲ್ಲಿತ್ತು, ಮುಖಮಂಟಪವನ್ನು ಅದಕ್ಕೆ ಜಾಗ ಬಿಟ್ಟು ಹೊಂದಿಸಿದರು. ಒಳಗೆ ಹೋಗುವ ಮೊದಲು ಅದೇ ಬಲಗಡೆಯ ಕಂಬದಲ್ಲಿ ಕೆತ್ತಿರುವ ಚಕ್ರವ್ಯೂಹ ನೋಡಿ. ನಡುವಿನ ಭಾಗ ಜನರ ಬೆರಳು ತಾಗಿ ತಾಗಿ ಸವೆದಿದೆ. ಒಳಗೆ ‘ವೋಲ್ತೊ ಸಾಂತೊ’ ಎಂಬ ಮರದ ಕ್ರಿಸ್ತನ ವಿಗ್ರಹ ಇದೆ. ಸಾವಿರ ವರ್ಷದಿಂದ ಯಾತ್ರಿಕರು ಬರುವುದು ಅದಕ್ಕಾಗಿ. ಕ್ರಿಸ್ತನನ್ನು ಕಣ್ಣಾರೆ ಕಂಡ ನಿಕೊದೇಮನೇ ಕೆತ್ತಿದ್ದು ಅಂತ ನಂಬಿಕೆ. 2020ರಲ್ಲಿ ಪ್ರಕಟವಾದ ಕಾರ್ಬನ್ ಪರೀಕ್ಷೆ ಅದನ್ನು 8ನೇ ಶತಮಾನದ ಕೊನೆ, 9ನೇ ಶತಮಾನದ ಕಾಲಕ್ಕೆ ಇಟ್ಟಿದೆ. ಅಷ್ಟಾದರೂ ಯುರೋಪಿನಲ್ಲಿ ಉಳಿದಿರುವ ಮರದ ವಿಗ್ರಹಗಳಲ್ಲಿ ಅತಿ ಹಳೆಯವುಗಳ ಸಾಲಿಗೇ ಸೇರುತ್ತದೆ.

ಆದರೆ ನನ್ನ ಮನಸ್ಸು ನಿಲ್ಲುವುದು ಇಲಾರಿಯಾ ದೆಲ್ ಕಾರೆತ್ತೊಳ ಸಮಾಧಿಯ ಮುಂದೆ. ಊರಿನ ಒಡೆಯ ಪಾವೊಲೊ ಗ್ವಿನೀಜಿಯ ಹೆಂಡತಿ ಅವಳು. ಮೇಲೆ ಹೇಳಿದ ಗೋಪುರ ಅದೇ ಮನೆತನದ್ದು. 1405ರಲ್ಲಿ ಹೆರಿಗೆಯ ನಂತರ ತೀರಿಹೋದಳು, ಇನ್ನೂ ಚಿಕ್ಕ ವಯಸ್ಸು. ಶಿಲ್ಪಿ ಯಾಕೊಪೊ ದೆಲ್ಲಾ ಕ್ವೆರ್ಚಾ ಅವಳನ್ನು ಅಮೃತಶಿಲೆಯಲ್ಲಿ ಮಲಗಿಸಿದ್ದಾನೆ. ಎತ್ತರದ ಕೊರಳಪಟ್ಟಿಯ ಬಟ್ಟೆ, ಕಾಲ ಬಳಿ ಅವಳ ಮುಖವನ್ನೇ ನೋಡುತ್ತಿರುವ ಪುಟ್ಟ ನಾಯಿ. ಬೇರೇನನ್ನೂ ನೋಡದಿದ್ದರೂ ಇದನ್ನು ನೋಡಿ.

ಸಾನ್ ಮಿಕೇಲೆ ಇರುವುದು ರೋಮನ್ ಊರಿನ ನಡುಚೌಕದಲ್ಲಿ. ಇದರ ಮುಂಗೋಡೆ ಹಿಂದಿನ ಚಾವಣಿಗಿಂತ ಎಷ್ಟೋ ಎತ್ತರ. ಪಕ್ಕದಿಂದ ನೋಡಿದರೆ ಆ ಎತ್ತರದ ಹಿಂದೆ ಬರೀ ಬಯಲು. ಸಣ್ಣ ಸಣ್ಣ ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ.

ಸಾನ್ ಫ್ರೆದಿಯಾನೊ ಚರ್ಚಿನ ಹಣೆಯ ಮೇಲೆ 13ನೇ ಶತಮಾನದ ಚಿನ್ನದ ಬಣ್ಣದ ಮೊಸಾಯಿಕ್ ಇದೆ. ಈ ಫ್ರೆದಿಯಾನೊ 6ನೇ ಶತಮಾನದ ಬಿಷಪ್, ಐರ್ಲೆಂಡಿನಿಂದ ಬಂದವನು ಅಂತಾರೆ. ಉಕ್ಕುತ್ತಿದ್ದ ಸೆರ್ಕಿಯೊ ನದಿಯನ್ನು ಒಂದು ಕುಂಟೆಯಿಂದ ಗೆರೆ ಎಳೆದು ಬೇರೆ ದಾರಿಗೆ ತಿರುಗಿಸಿದ ಎಂಬುದು ಅವನ ಪವಾಡ. ಈ ಊರಿಗೆ ನದಿಯ ಭಯ ಎಷ್ಟು ಹಳೆಯದು ನೋಡಿ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಸಂತಳಾದ ಝೀತಾಳ ದೇಹ ಇದೆ. 13ನೇ ಶತಮಾನದಲ್ಲಿ ಇಲ್ಲಿನ ಒಂದು ಮನೆಯಲ್ಲಿ ಜೀವನವಿಡೀ ಕೆಲಸಕ್ಕಿದ್ದವಳು. ಮನೆಗೆಲಸದವರ ಸಂತ ಅಂತ ಈಗಲೂ ಅವಳನ್ನು ನೆನೆಯುತ್ತಾರೆ. ಏಪ್ರಿಲ್ 27 ಅವಳ ಹಬ್ಬ. ಆ ಹೊತ್ತಿಗೆ ಊರಲ್ಲಿ ಹೂವಿನ ಸಂತೆ ನಡೆಯುತ್ತದೆ.

ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಕೆಥೆಡ್ರಲ್‌ಗೂ ಸಾನ್ ಫ್ರೆದಿಯಾನೊಗೂ ಟಿಕೆಟ್ ಇದೆ.

ಪುಚ್ಚಿನಿ ಮನೆ ನೋಡಬೇಕಾ?

ಒಪೆರಾ ಕೇಳುವವರು ಖಂಡಿತ ನೋಡಿ. ಸಂಗೀತಗಾರ ಜಾಕೊಮೊ ಪುಚ್ಚಿನಿ 1858ರ ಡಿಸೆಂಬರ್ 22ರಂದು ಹುಟ್ಟಿದ ಮನೆ ಈಗ ಮ್ಯೂಸಿಯಂ. ಅವನ ಕೊನೆಯ, ಅರ್ಧಕ್ಕೆ ನಿಂತ ಒಪೆರಾವನ್ನು ರಚಿಸಿದ ಪಿಯಾನೊ ಅಲ್ಲಿದೆ. ಆಸಕ್ತಿ ಇಲ್ಲದವರು ಮನೆಯ ಮುಂದಿನ ಪ್ರತಿಮೆ ನೋಡಿ ಮುಂದೆ ಹೋಗಬಹುದು.

ಗೈಡ್ ಇಲ್ಲದೆ ಅರ್ಥವಾಗುತ್ತಾ?

ಆಗುತ್ತದೆ. ಹೋಗುವ ಮೊದಲು ಒಂದು ಗಂಟೆ ಓದಿಕೊಳ್ಳಿ, ಫೋನಿಗೆ ಊರಿನ ಮ್ಯಾಪ್ ಇಳಿಸಿಕೊಳ್ಳಿ. ಕೆಥೆಡ್ರಲ್ ಒಳಗೆ ಮಾತ್ರ ಆಡಿಯೋ ಗೈಡ್ ಇದ್ದರೆ ಉಪಯೋಗ.

ನಡೆಯುವುದಾ, ಸೈಕಲ್ಲಾ?

ಹೆಬ್ಬಾಗಿಲುಗಳ ಹತ್ತಿರ ಬಾಡಿಗೆ ಸೈಕಲ್ ಸಿಗುತ್ತವೆ, ಇಬ್ಬರು ನಾಲ್ವರು ಕೂರುವಂಥವೂ ಇವೆ. ಮಕ್ಕಳಿಗೆ ಖುಷಿ. ಆದರೆ ಮೊದಲ ಸುತ್ತನ್ನು ನಡೆದೇ ಮುಗಿಸಿ. ಸೈಕಲ್ಲಿನಲ್ಲಿ ಕಣ್ಣು ದಾರಿಯ ಮೇಲೇ ಇರುತ್ತದೆ, ಕೊತ್ತಳ, ತೋಟ, ಕಿಟಕಿ ಯಾವುದೂ ಮನಸ್ಸಿಗೆ ಇಳಿಯಲ್ಲ.

ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳ ಜೊತೆ ಹೋಗಬಹುದಾ?

ಧಾರಾಳವಾಗಿ. ಗೋಡೆಯ ಮೇಲೆ ದಾರಿ ಅಗಲ, ಸಮತಟ್ಟು, ನೆರಳು ಜಾಸ್ತಿ. ಹತ್ತಲು ಮೆಟ್ಟಿಲಿಲ್ಲದ ಇಳಿಜಾರು ದಾರಿಗಳಿವೆ, ಗಾಲಿಕುರ್ಚಿಯೂ ಮಗುವಿನ ಗಾಡಿಯೂ ಹೋಗುತ್ತವೆ. ಊರೊಳಗೆ ಕಲ್ಲುಹಾಸು, ಅಲ್ಲಿ ಮೆತ್ತನೆ ಅಟ್ಟೆಯ ಶೂ ಬೇಕು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಗೋಡೆಯ ಅಂಚಿಗೆ ಬಹಳ ಕಡೆ ಕಂಬಿ ಇಲ್ಲ. ಹುಲ್ಲು ಬೆಳೆದು ಅಂಚು ಮೆತ್ತಗೆ ಇಳಿಯುವ ಹಾಗೆ ಕಾಣುತ್ತದೆ, ಅದರಾಚೆ ನೇರ ಆಳ. ಕೊತ್ತಳದ ಹುಲ್ಲಿನ ಮೇಲೆ ಮಕ್ಕಳನ್ನು ಓಡಲು ಬಿಡಬೇಡಿ. ಫೋಟೋಗೆ ಹಿಂದೆ ಹಿಂದೆ ಸರಿಯಬೇಡಿ. ಕತ್ತಲಾದ ಮೇಲೆ ನಡುದಾರಿಯಲ್ಲೇ ಇರಿ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಚೆಚಿನಾ ಅಂತ ಒಂದಿದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸುತ್ತಾರೆ. ಪಿಜ್ಜಾ ಅಂಗಡಿಗಳಲ್ಲಿ ತುಂಡು ಲೆಕ್ಕದಲ್ಲಿ ಮಾರುತ್ತಾರೆ. ಮೇಲೆ ಕರಿಮೆಣಸಿನ ಪುಡಿ ಉದುರಿಸಿಕೊಂಡು ಬಿಸಿ ಬಿಸಿ ತಿಂದರೆ ಹೊಟ್ಟೆಯೂ ತುಂಬುತ್ತದೆ. ಬುಚ್ಚೆಲ್ಲಾತೊ ಎಂಬ ಒಣದ್ರಾಕ್ಷಿ, ಸೋಂಪಿನ ಪರಿಮಳದ ಸಿಹಿ ಬ್ರೆಡ್ ಈ ಊರಿನದ್ದೇ. ಮೊಟ್ಟೆ ಬೇಡದವರು ವಿಚಾರಿಸಿಕೊಳ್ಳಿ.

ಫಾರೊ ಎಂಬ ಹಳೆಯ ಗೋಧಿ ತಳಿ ಮತ್ತು ಬೀನ್ಸ್ ಹಾಕಿದ ಸೂಪು ಇಲ್ಲಿ ಹೆಸರುವಾಸಿ, ಕಂಡರೆ ಸಸ್ಯಾಹಾರ ಅನಿಸುತ್ತದೆ. ಎಷ್ಟೋ ಕಡೆ ಅದಕ್ಕೆ ಹಂದಿಮಾಂಸದ ಚೂರು ಅಥವಾ ಮಾಂಸದ ಸಾರು ಹಾಕಿರುತ್ತಾರೆ. ತೊರ್ದೆಲ್ಲಿ ಎಂಬ ಕಡುಬಿನೊಳಗೆ ಮಾಂಸವೇ ಇರುತ್ತದೆ. ‘ಸೆನ್ಸಾ ಕಾರ್ನೆ’ ಅಂದರೆ ಮಾಂಸ ಬೇಡ, ‘ಸೆನ್ಸಾ ಬ್ರೋದೊ ದಿ ಕಾರ್ನೆ’ ಅಂದರೆ ಮಾಂಸದ ಸಾರು ಬೇಡ. ಎರಡನ್ನೂ ಹೇಳಿ. ಕಟ್ಟುನಿಟ್ಟಿನವರಿಗೆ ಇನ್ನೊಂದು ವಿಷಯ: ಪಾರ್ಮಿಜಾನೊ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಒಂದೆರಡು ಯೂರೊ ಸೇರಿರುತ್ತದೆ. ಅದು ಮೋಸ ಅಲ್ಲ, ಅಲ್ಲಿನ ಪದ್ಧತಿ. ಮಧ್ಯಾಹ್ನದ ಊಟ ಎರಡೂವರೆಗೆ ಮುಗಿದುಹೋಗುತ್ತದೆ, ತಡ ಮಾಡಬೇಡಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್‌ನಿಂದ ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಸೆಪ್ಟೆಂಬರ್ 13ರ ಸಂಜೆ ಅಲ್ಲಿರಲು ಆದರೆ ಪುಣ್ಯ. ವೋಲ್ತೊ ಸಾಂತೊ ಹೆಸರಿನಲ್ಲಿ ಲುಮಿನಾರಾ ನಡೆಯುತ್ತದೆ. ಮೆರವಣಿಗೆ ಸಾನ್ ಫ್ರೆದಿಯಾನೊದಿಂದ ಹೊರಟು ಕೆಥೆಡ್ರಲ್‌ಗೆ ಹೋಗುತ್ತದೆ. ದಾರಿಯ ಮನೆಗಳ ಕಿಟಕಿ, ಚರ್ಚುಗಳ ಮುಂಗೋಡೆ, ಎಲ್ಲೆಲ್ಲೂ ಗಾಜಿನ ಬಟ್ಟಲಲ್ಲಿ ಮೇಣದ ದೀಪ.

ಅಕ್ಟೋಬರ್ ಕೊನೆ, ನವೆಂಬರ್ ಶುರುವಿನಲ್ಲಿ ಲುಕ್ಕಾ ಕಾಮಿಕ್ಸ್ ಅಂಡ್ ಗೇಮ್ಸ್ ಉತ್ಸವ ನಡೆಯುತ್ತದೆ. ಕಾಮಿಕ್ಸ್ ಪ್ರಿಯರಿಗೆ ಸ್ವರ್ಗ, ನಿಧಾನವಾಗಿ ನಡೆಯಬೇಕೆನ್ನುವವರಿಗೆ ಕಷ್ಟ. ಊರು ಕಿಕ್ಕಿರಿದು ರೂಮು ಸಿಗುವುದಿಲ್ಲ. ಆಗಸ್ಟ್ ಸೆಖೆಯ ತಿಂಗಳು.

ಕಾರಿನಲ್ಲಿ ಹೋಗಬಹುದಾ?

ಹೋಗಬಹುದು, ಆದರೆ ಗೋಡೆಯ ಹೊರಗೇ ನಿಲ್ಲಿಸಿ. ಒಳಗಿನ ಹಲವು ಬೀದಿಗಳಿಗೆ ಹೊರಗಿನ ಗಾಡಿಗಳಿಗೆ ಪ್ರವೇಶ ಇಲ್ಲ. ಕ್ಯಾಮೆರಾ ಇರುತ್ತದೆ, ದಂಡದ ನೋಟಿಸು ತಿಂಗಳುಗಳ ನಂತರ ಬಾಡಿಗೆ ಕಾರಿನ ಕಂಪನಿಯ ಮೂಲಕ ಬರುತ್ತದೆ. ರೈಲೇ ವಾಸಿ. ಪೀಸಾದಿಂದ ಸುಮಾರು ಅರ್ಧ ಗಂಟೆ, ಫ್ಲಾರೆನ್ಸ್‌ನಿಂದ ಒಂದೂಕಾಲು, ಒಂದೂವರೆ ಗಂಟೆ. ಪ್ರಾದೇಶಿಕ ರೈಲು, ಸೀಟು ಕಾದಿರಿಸುವ ಅಗತ್ಯ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ.

ಪೀಸಾ ಮತ್ತು ಲುಕ್ಕಾ ಒಂದೇ ದಿನ ಮುಗಿಸಬಹುದಾ?

ಪ್ರವಾಸದ ಪ್ಯಾಕೇಜುಗಳು ಹಾಗೇ ಮಾಡುತ್ತವೆ. ವಾಲುವ ಗೋಪುರ ಮುಗಿಸಿ ಮಧ್ಯಾಹ್ನ ಲುಕ್ಕಾಕ್ಕೆ ಬಂದು ಎರಡು ಗಂಟೆಯಲ್ಲಿ ಹೊರಡುತ್ತಾರೆ. ಆ ಎರಡು ಗಂಟೆಯಲ್ಲಿ ಸಿಗುವುದು ಅಂಗಡಿ ಬೀದಿ ಮತ್ತು ಅಂಫಿಥಿಯೇಟರಿನ ಒಂದು ಫೋಟೋ ಅಷ್ಟೇ. ಗೋಡೆ ಹತ್ತಲು ಹೊತ್ತು ಉಳಿಯಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಸಾಧ್ಯವಾದರೆ ಒಂದು ರಾತ್ರಿ ಲುಕ್ಕಾದಲ್ಲೇ ಉಳಿದು, ಪೀಸಾವನ್ನು ಅಲ್ಲಿಂದ ಅರ್ಧ ದಿನದಲ್ಲಿ ನೋಡಿ ಬನ್ನಿ. ಇಲ್ಲಿ ಉಳಿಯಲು ಸಾಧ್ಯವೇ ಇಲ್ಲ ಅಂದರೆ ಪೀಸಾಗೆ ಬೆಳಗಿನ ಒಂದೆರಡು ಗಂಟೆ ಮಾತ್ರ ಕೊಟ್ಟು, ಹನ್ನೊಂದರೊಳಗೆ ಲುಕ್ಕಾ ರೈಲು ಹತ್ತಿ. ರೂಮು ಹುಡುಕುವಾಗ ಗೋಡೆಯ ಒಳಗಿನದ್ದೇ ನೋಡಿ. ಪಾಸ್‌ಪೋರ್ಟ್ ಕೇಳುತ್ತಾರೆ, ತಲೆಗೆ ಇಷ್ಟು ಅಂತ ಊರಿನ ಪ್ರವಾಸಿ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕಾಗುತ್ತದೆ.